ಬಾಲ ಹಿಡಿದವನ ಅಪೀಲು

ಕತಾರಿನಲ್ಲಿ ಮುಐದರ್ ದಾಟಿ ಸ್ವಲ್ಪ ದೂರ ಹೋದರೆ ಮರಳಿನ ನಡುವೆ ಒಂದು ಖಾಸಗಿ ಕುದುರೆ ಕ್ಲಬ್ ಇತ್ತು. ಅದರ ಆಫೀಸಿನಲ್ಲಿ ನಾನು ಸೆಕ್ರೆಟರಿ. ಚಳಿಗಾಲದ ಶುಕ್ರವಾರಗಳಲ್ಲಿ ಅಲ್ಲಿ ಗಾಡಿ ಓಟ ನಡೆಯುತ್ತಿತ್ತು: ಎರಡು ಚಕ್ರದ ಹಗುರ ಗಾಡಿ, ಮುಂದೊಂದು ಕುದುರೆ, ಲಗಾಮು ಹಿಡಿದು ಕೂತ ಡ್ರೈವರ್. ಬೆತ್ತ ಎಷ್ಟು ಎತ್ತಬಹುದು, ಕಾಲು ಎಲ್ಲಿಡಬೇಕು, ಎಲ್ಲದಕ್ಕೂ ನಿಯಮ. ನಮ್ಮ ಇಗರ್ಜಿಯಲ್ಲೂ ಅಷ್ಟು ಕಟ್ಟುನಿಟ್ಟು ನಾನು ಕಂಡಿಲ್ಲ.

ಡ್ರೈವರುಗಳಲ್ಲಿ ಒಬ್ಬ ಕಾರ್ಕಳದ ಕಡೆಯವನು. ಲಾಯ ಗುಡಿಸಲು ಬಂದವನು ಕುದುರೆಗಳ ಜತೆ ಬೆರೆತು ಗಾಡಿ ಏರಿದ್ದ. ಊರಿನಲ್ಲಿ ಕಂಬಳದ ಕೋಣ ಓಡಿಸಿ ಹೆಸರು ಮಾಡಿದವನು. ಕ್ರಿಸ್ತುವ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ನನ್ನನ್ನು ‘ಬಾಯಮ್ಮ’ ಎನ್ನುತ್ತಿದ್ದ. ಆ ವರ್ಷವಷ್ಟೇ ಹೆಂಡತಿ ಮಗಳನ್ನು ಕರೆಸಿಕೊಂಡು ಅಲ್ ವಕ್ರಾದಲ್ಲಿ ಮನೆ ಮಾಡಿದ್ದ. ಮಗು ಎಲ್‌ಕೆಜಿಗೆ ಸೇರಿತ್ತು.

ಒಂದು ಶುಕ್ರವಾರ ಕೊನೆಯ ತಿರುವಿನಲ್ಲಿ ಅವನು ಮುಂದಕ್ಕೆ ಬಾಗಿ ಕುದುರೆಯ ಬಾಲ ಹಿಡಿದುಬಿಟ್ಟ. ಗೆದ್ದ. ಗೆದ್ದ ಕೂಡಲೇ ಓಟದ ಅಧಿಕಾರಿಗಳು ಅವನನ್ನು ಕರೆಸಿ, ಬಾಲ ಎಳೆಯುವುದು ಹಿಂಸೆ ಎಂದು ಗೆಲುವು ರದ್ದು ಮಾಡಿ, ಆ ಋತು ಮುಗಿಯುವ ತನಕ ಗಾಡಿ ಹತ್ತಬಾರದು ಎಂದರು. ಕುದುರೆಯ ಮಾಲೀಕ ಮಾತ್ರ ಅವನ ಕೈಬಿಡಲಿಲ್ಲ. ಅಷ್ಟು ಸಮಯ ಲಾಯದ ಕೆಲಸ ಮಾಡಿಕೊಂಡಿರು ಎಂದ. ಆದರೆ ಇವನಿಗೆ ಅವಮಾನ.

“ನಾನು ಹಿಂಸೆ ಕೊಡ್ಲಿಲ್ಲ ಬಾಯಮ್ಮ. ಹಲಗೆ ಮೇಲೆ ನಿಂತು ಕೋಣ ಓಡಿಸುವಾಗ ಬಾಲ ಹಿಡಿಯುದಲ್ವಾ? ಆ ಅಭ್ಯಾಸದಲ್ಲಿ ಕೈ ಹೋಯ್ತು. ಅವ್ರಿಗೆ ಕಂಬಳ ಅಂದ್ರೆ ಎಂತ ಅಂತ ಗೊತ್ತಿಲ್ಲ. ತೋರಿಸಿದ್ರೆ ಆಯ್ತು!”

ಅವನು ಓಡಿದ ಕಂಬಳದ ಸಿ.ಡಿ. ಅವನ ಬಳಿ ಇತ್ತು. ಊರಿನ ಸ್ಟುಡಿಯೋದವರು ಮಾಡಿದ್ದು, ಉದ್ದಕ್ಕೂ ತುಳು ಹಾಡು. ಅಲ್ ಮನ್ಸೂರಾದ ರೂಮುಗಳಲ್ಲಿ ನಮ್ಮವರೆಲ್ಲ ಸಿಳ್ಳೆ ಹೊಡೆದುಕೊಂಡು ಅದನ್ನು ಎಷ್ಟು ಸಲ ನೋಡಿದ್ದರೋ. ನಾನೂ ನೋಡಿದ್ದೆ, ಚಪ್ಪಾಳೆ ತಟ್ಟಿದ್ದೆ. ಅದನ್ನೇ ತೋರಿಸುವುದು ಸರಿ ಎಂದರು ನಮ್ಮ ಹುಡುಗರೆಲ್ಲ. ಅಪೀಲು ಹಾಕಿದೆವು. ಅವನ ತುಳುವನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ನನಗೆ ಬಿತ್ತು.

ಅಪೀಲು ಕೇಳುವ ಮೂವರ ಮಂಡಳಿಯ ಮುಖ್ಯಸ್ಥರು ಒಬ್ಬ ವಯಸ್ಸಾದ ಕತಾರಿ ಯಜಮಾನರು. ತುಂಬ ಮೆತ್ತಗಿನ ಮಾತು. ಕೂತ ಕೂಡಲೇ ನಮಗೆ ಕರಕ್ ಚಹಾ ತರಿಸಿದರು. ಅಪೀಲಿನಲ್ಲಿ ಶಿಕ್ಷೆ ಕಮ್ಮಿಯೂ ಆಗಬಹುದು, ಜಾಸ್ತಿಯೂ ಆಗಬಹುದು, ಗೊತ್ತುಂಟಲ್ಲ ಎಂದು ಕೇಳಿದರು. ಇವನು ಖುಷಿಯಿಂದ ತಲೆಯಾಡಿಸಿದ.

ಸಿ.ಡಿ. ಹಾಕಿದರು. ಕೆಸರು, ಬಿಸಿಲು, ಹಾಡು. “ಹಾಡು ನಿಲ್ಲಿಸಿ,” ಎಂದರು ಯಜಮಾನರು, “ಬರೀ ಚಿತ್ರ ಸಾಕು.”

ಹಾಡು ನಿಂತಿತು. ಪರದೆಯಲ್ಲಿ ಅವನ ಎಡಗೈ ಕೋಣದ ಬಾಲ ಹಿಡಿದಿತ್ತು, ನಿಜ. ಬಲಗೈಯಲ್ಲಿ ಬೆತ್ತ. ಅದು ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಸದ್ದಿಲ್ಲದ ಆ ಕೋಣೆಯಲ್ಲಿ ನೋಡಲಿಕ್ಕೆ ಅದೊಂದೇ ಇತ್ತು. ಇಷ್ಟು ವರ್ಷ ನಾನು ಏನು ನೋಡಿ ಚಪ್ಪಾಳೆ ತಟ್ಟುತ್ತಿದ್ದೆ? ಕೋಣದ ಬೆನ್ನಿನ ಮೇಲೆ ಬಾಸುಂಡೆ ಎದ್ದದ್ದು ಮೊದಲೇ ಕಾಣಬೇಕಿತ್ತಲ್ಲ, ಕಂಡಿರಲೇ ಇಲ್ಲ.

ಯಜಮಾನರು ಇನ್ನೊಮ್ಮೆ ಹಾಕಿಸಿ ನೋಡಿದರು. ಆಮೇಲೆ ಅವನ ಕಡೆ ತಿರುಗಿ, “ಇದು ಅಪರೂಪಕ್ಕೊಮ್ಮೆ ಆಗುವುದೋ, ಯಾವಾಗಲೂ ಹೀಗೆಯೋ?” ಎಂದು ಕೇಳಿದರು.

ನಾನು ತುಳುವಿನಲ್ಲಿ ಕೇಳಿದೆ. ಸುಮ್ಮನೆ ತಲೆ ತಗ್ಗಿಸಿದ್ದರೂ ಸಾಕಿತ್ತು. ಅವನು ಪರದೆಯಿಂದ ಕಣ್ಣು ಕೀಳದೆ, “ಯಾವಾಗ್ಲೂ ಹೀಗೇ” ಎಂದ. ನಾನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಬಾಯಿಂದ ಬಂದ ಮಾತು ಬೇರೆ ಯಾರೋ ಆಡಿದ ಹಾಗೆ ಕೇಳಿಸಿತು.

ಮೂವರೂ ಅರೇಬಿಕ್‌ನಲ್ಲಿ ಸ್ವಲ್ಪ ಹೊತ್ತು ಮಾತಾಡಿಕೊಂಡರು. ಆ ದಿನದ್ದು ಕೈತಪ್ಪಿ ಆದದ್ದು ಎಂದು ಓಟದ ಅಧಿಕಾರಿಗಳು ದಯೆ ತೋರಿಸಿದ್ದಾರೆ, ಇದು ಅಭ್ಯಾಸ ಎಂದು ನೀವೇ ಸಾಬೀತು ಮಾಡಿದ್ದೀರಿ ಎಂದರು ಯಜಮಾನರು. ಡ್ರೈವರ್ ಲೈಸೆನ್ಸು ಶಾಶ್ವತವಾಗಿ ರದ್ದು. ಯಾವ ಲಾಯದಲ್ಲೂ ಕುದುರೆ ಮುಟ್ಟುವಂತಿಲ್ಲ. “ಖಲಾಸ್,” ಎಂದರು, ಬಹಳ ಬೇಸರದಿಂದ. ಕುದುರೆ ಮುಟ್ಟದವನನ್ನು ಮಾಲೀಕ ಇಟ್ಟುಕೊಳ್ಳುವುದುಂಟೇ? ವೀಸಾ ಹೋಯಿತು, ಮನೆ ಹೋಯಿತು, ಮಗುವಿನ ಶಾಲೆ ಹೋಯಿತು. ಶಿಕ್ಷೆ ಕಮ್ಮಿ ಮಾಡಿಸಲು ಹೋದವರು ನಾವು!

ಹೊರಗೆ ಕಾರಿನಲ್ಲಿ ಕೂತೆವು. ಕೀಲಿ ಹಾಕಿದವಳು ತಿರುಗಿಸಲಿಲ್ಲ. ಅವನ ಮೊಬೈಲು ಹೊಡೆದುಕೊಂಡಿತು. ಹೆಂಡತಿ. ತೆಗೆಯಲಿಲ್ಲ.

“ಅಳುದಾದ್ರೆ ಅತ್ತುಬಿಡು ಮಾರಾಯ,” ಎಂದೆ. “ಮುಂದೆ ಎಂತ ಮಾಡುದು ಅಂತ ಆಮೇಲೆ ನೋಡುವ.”

ಅವನಿಗೆ ಕೇಳಿಸಿತೋ ಇಲ್ಲವೋ.

“ಬಾಯಮ್ಮ, ಎಡದ ಕೋಣದ ಬೆನ್ನು ನೋಡಿದ್ರಾ?”

ನೋಡಿದೆ ಎಂದೆ.

“ಅದು ಕರು ಆಗಿರುವಾಗ ತಾಯಿ ಸತ್ತಿತ್ತು. ಬಾಟ್ಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು ನಾನೇ.”