ಚಿಕ್ಕವೆಂಕಟಪ್ಪನ ಹೆಬ್ಬೆರಳು ಮತ್ತು ಫಿಯೆಟ್ಟಿನ ಮುಂದಿನ ಚಕ್ರ

ಪಿನ್ನು ಎಣ್ಣೆಯಲ್ಲಿ ಜಾರುತ್ತ ನಿಧಾನಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ, ಬಿದ್ದೇ ಹೋಯಿತು! ಟಣ್ ಅಂತ ಷೆಡ್ಡಿನ ನೆಲಕ್ಕೆ ಬಿದ್ದು, ಉರುಳಿ, ಜಾಕಿಗೆ ತಾಗಿ ನಿಂತ ಆ ಉಕ್ಕಿನ ತುಂಡನ್ನು ಚಿಕ್ಕವೆಂಕಟಪ್ಪ ಎತ್ತಿಕೊಳ್ಳಲೂ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಹಾಗೇ ಕುಸಿದು ಕೂತ.

ದೊಡ್ಡಬಳ್ಳಾಪುರದಿಂದ ಮಧುರೆಗೆ ಹೋಗುವ ರಸ್ತೆಯಲ್ಲಿ ಅವನ ಷೆಡ್ಡು. ಎದುರಿಗೆ, ಎಡಗಡೆಯ ಮುಂದಿನ ಚಕ್ರ ಬಿಚ್ಚಿಸಿಕೊಂಡು ಮರದ ದಿಮ್ಮಿಯ ಮೇಲೆ ನಿಂತಿದ್ದದ್ದು ಅರವತ್ನಾಲ್ಕನೇ ಇಸವಿಯ ಫಿಯೆಟ್. ಆ ಕಾಲದ ಕಾರಿನಲ್ಲಿ ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ತಿರುಗುವುದೇ ಕಿಂಗ್‌ಪಿನ್ ಅನ್ನುವ ಗೇಣುದ್ದದ ಪಿನ್ನಿನ ಸುತ್ತ. ಅದನ್ನು ಹಿಡಿದಿರುವ, ಬುಷ್ ಅನ್ನುವ ಎರಡು ಹಿತ್ತಾಳೆ ಕೊಳವೆ ಸವೆದರೆ ಚಕ್ರ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತದೆ. ಹೊಸ ಬುಷ್ ಕೂರಿಸಿ, ರೀಮರನ್ನು ಕೈಯಲ್ಲೇ ತಿರುಗಿಸಿ, ಒಳಗಡೆ ಚೂರುಚೂರೇ ಹೆರೆದು, ಪಿನ್ನು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯುವ ಹಾಗೆ ಮಾಡಬೇಕು. ಒಂಚೂರು ಜಾಸ್ತಿ ಹೆರೆದರೂ ಪಿನ್ನು ಹೀಗೆ ಬಿದ್ದುಹೋಗುತ್ತದೆ, ಬುಷ್ ಕಸ. ಮೂವತ್ತಾರು ವರ್ಷ ಅವನ ಹೆಬ್ಬೆರಳು ಬುಷ್‌ನೊಳಗೆ ಒಂದು ಸುತ್ತು ಹೋಗಿ ಬಂದು ‘ಸಾಕು’ ಅನ್ನುತ್ತಿತ್ತು. ನೆಲಮಂಗಲ, ಸೂಲಿಬೆಲೆಯಿಂದೆಲ್ಲ ಹಳೇ ಗಾಡಿಯವರು ಹುಡುಕಿಕೊಂಡು ಬರುತ್ತಿದ್ದದ್ದೇ ಆ ಹೆಬ್ಬೆರಳಿಗೆ.

ನಾಲ್ಕು ತಿಂಗಳಿಂದ ಅದು ಏನೂ ಹೇಳುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬೆರಳ ತುದಿಗಳನ್ನು ಮರಗಟ್ಟಿಸಿಬಿಟ್ಟಿತ್ತು. ಬಿಸಿ ಸೈಲೆನ್ಸರ್ ಮುಟ್ಟಿದ್ದು ಗೊತ್ತಾಗಿದ್ದೇ ಚರ್ಮ ಸುಟ್ಟ ವಾಸನೆ ಬಂದ ಮೇಲೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಷೆಡ್ಡಿಗೆ ಇನ್ನು ಯಾರು ಬರುತ್ತಾರೆ?

ಫೋನು ಬಡಿದುಕೊಂಡಿತು. ಗಾಡಿಯ ಮಾಲೀಕ ಕೆಂಪರಾಜ್, ದಾಬಸ್‌ಪೇಟೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್.

"ಆಯ್ತಾ ಮೇಸ್ತ್ರಿ? ನಾಳೆ ಹತ್ತಕ್ಕೆ ಆರ್‌ಟಿಒ ಮುಂದೆ ನಿಲ್ಸ್ಬೇಕು. ಹೋದ್ಸಲ ಚಕ್ರ ಅಳ್ಳಾಡ್ಸಿ ನೋಡಿ ಫೇಲ್ ಮಾಡವ್ರೆ. ಈ ಸಲಾನೂ ಆದ್ರೆ ನಮ್ಮಪ್ಪನ ಗಾಡಿ ಗುಜರೀಗೇ!"

"ಸಾಯಂಕಾಲ ಬನ್ನಿ ಸ್ವಾಮಿ," ಅಂದುಬಿಟ್ಟ. ಯಾವ ಧೈರ್ಯಕ್ಕೆ ಅಂದನೋ ಅವನಿಗೇ ಗೊತ್ತಿರಲಿಲ್ಲ.

ಟಿವಿಎಸ್ ಹತ್ತಿ ಊರೊಳಗಿನ ಲೇತ್ ಅಂಗಡಿಗೆ ಓಡಿದ. ಲೇತಿನ ನರೇಶ ಹಾಳಾದ ಬುಷ್ಷನ್ನು ಬೆಳಕಿಗೆ ಹಿಡಿದು ನಕ್ಕ.

"ಏನಣ್ಣಾ, ಇದ್ರೊಳ್ಗೆ ಲಾರಿ ಓಡಾಡ್ತಾ? ನೀವೇ ಹೆರೆದಿದ್ದಾ ಇದು?"

"ರೀಮರ್ ಜಾರ್ತು ಕಣೋ."

ನರೇಶನ ನಗು ನಿಂತಿತು. ಹಿತ್ತಾಳೆ ರಾಡು ಸಿಕ್ಕಿಸಿ ಲೇತ್ ಶುರುಮಾಡಿದ. ಒಂದು ಜೊತೆ ಕೈಗಿಟ್ಟು, "ಹುಷಾರಣ್ಣ, ರಾಡ್ ಖಾಲಿ. ಇನ್ನೊಂದ್ ಜೊತೆ ಬೇಕು ಅಂದ್ರೆ ವಾರ ಆಯ್ತದೆ," ಅಂದ.

ವಾಪಸ್ ಬಂದು ಬುಷ್‌ಗಳನ್ನು ಕೂರಿಸಿದ. ಗ್ರೀಸಿನ ತೂತಿಗೆ ತೂತು ಸರಿಯಾಗಿ ಕೂಡಿಸಿದ, ಅದು ಕಣ್ಣಿನ ಕೆಲಸ. ಆಮೇಲೆ ರೀಮರ್ ಹಿಡಿದವನಿಗೆ ಕೈ ಮುಂದೆ ಹೋಗಲೇ ಇಲ್ಲ. ಬೆವರು ಕಣ್ಣಿಗಿಳಿಯಿತು. ಹೆಬ್ಬೆರಳನ್ನು ಪ್ಯಾಂಟಿಗೆ ಉಜ್ಜಿದ, ಕಚ್ಚಿದ, ಕೊನೆಗೆ ವೈಸಿನ ಮೂಲೆಗೆ ರಪರಪ ಬಡಿದ. ಉಹೂಂ!

"ಏನ್ ಮಾಡ್ಕೊತಿದ್ದೀರಾ?"

ಊಟದ ಡಬ್ಬಿ ಹಿಡಿದು ಹೆಂಡತಿ ಮುನಿವೆಂಕಟಮ್ಮ ಬಾಗಿಲಲ್ಲಿ ನಿಂತಿದ್ದಳು.

"ಬೆರಳು ಸತ್ತೋಗೈತೆ ಕಣೆ," ಅಂದ. "ನನ್ ಕತೆ ಮುಗೀತು."

"ಆ ಸುಟ್ಗಾಯ ನಂಗ್ ಕಾಣ್ಲಿಲ್ಲ ಅನ್ಕಂಡ್ರಾ? ನೀವಾಗ್ ನೀವೇ ಹೇಳ್ಲಿ ಅಂತ ಸುಮ್ಕಿದ್ದೆ." ಡಬ್ಬಿ ಕೆಳಗಿಟ್ಟಳು. "ನಂದೂ ಬೆರಳೇ ತಾನೆ? ಎಲ್ ಮುಟ್ಬೇಕು ತೋರ್ಸಿ."

ಇಪ್ಪತ್ತೆರಡು ವರ್ಷ ಪವರ್‌ಲೂಮಿನಲ್ಲಿ ಕಡಿದ ರೇಷ್ಮೆ ಎಳೆ ಕಟ್ಟಿದವಳು ಅವಳು. ಯಾವ ಎಳೆ ಸಡಿಲ, ಯಾವುದು ಬಿಗಿ ಅಂತ ಕಣ್ಮುಚ್ಚಿ ಹೇಳುತ್ತಿದ್ದಳು. ಬೇರೆ ದಾರಿ ಇರಲಿಲ್ಲ. ಅವನು ಹೇಳಿಕೊಟ್ಟ: ಅರ್ಧ ಸುತ್ತು, ತೆಗಿ, ಒರೆಸು, ಎಣ್ಣೆ ಸವರು, ಪಿನ್ನು ಬಿಡು. ಅವಳು ತಿರುಗಿಸಿದಳು, ಬೆರಳು ಹಾಕಿದಳು.

"ಮ್ಯಾಲ್ಗಡೆ ಒಂದ್ಕಡೆ ಒರಟೈತೆ."

"ಸಾಕು ಸಾಕು, ಹೋಯ್ತದೆ!"

"ಸುಮ್ಕಿರಿ ಒಸಿ. ಮಗ್ಗದ ಮುಂದೆ ಹಿಂಗ್ ಬಡ್ಕೊಂಡಿದ್ರೆ ಒಂದ್ ಸೀರೆನಾದ್ರೂ ಆಗ್ತಿತ್ತಾ?"

ಹನ್ನೊಂದನೇ ಸಲಕ್ಕೆ ಪಿನ್ನು ಬಿಟ್ಟಾಗ ಅವನು ಕಣ್ಣು ಮುಚ್ಚಿಕೊಂಡ. ಟಣ್ ಸದ್ದು ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಪಿನ್ನು ಇನ್ನೂ ಇಳಿಯುತ್ತಲೇ ಇತ್ತು, ಜೇನುತುಪ್ಪದಲ್ಲಿ ಚಮಚ ಇಳಿದ ಹಾಗೆ.

ಸಾಯಂಕಾಲ ಬಂದ ಕೆಂಪರಾಜ್ ಕೂತು, ತಿರುಗಿ ಹಾಕಿದ್ದ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಅದು ಮಿಸುಕಲಿಲ್ಲ.

"ಕೈ ಅಂದ್ರೆ ನಿಮ್ದು ಕಣ್ರೀ ಮೇಸ್ತ್ರಿ!"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮುಂದಿನ ಗಾಡಿಗೆ ಏನು ಮಾಡುವುದು?

"ನನ್ ಕೈಯಲ್ಲ ಸ್ವಾಮಿ. ನಂಗೆ ಬೆರಳಲ್ಲಿ ಸ್ಪರ್ಶ ಇಲ್ಲ. ಹೆರೆದಿದ್ದು ಇವ್ಳು."

ಕೆಂಪರಾಜ್ ಮುನಿವೆಂಕಟಮ್ಮನನ್ನು ನೋಡಿದ. ಮತ್ತೆ ಕೂತು, ಮೊದಲಿಗಿಂತ ಜೋರಾಗಿ ಚಕ್ರ ಜಗ್ಗಿದ. ಕೊನೆಗೆ ಕೆಂಪರಾಜ್ ಎದ್ದು ಕೈ ಒರೆಸಿಕೊಂಡು, ನೇರ ಅವಳನ್ನೇ ಕೇಳಿದ:

"ಅಕ್ಕಾ, ಗ್ರೀಸ್ ಎಷ್ಟಕ್ಕೊಂದ್ಸಲ ಹೊಡಿಸ್ಬೇಕು?"

ಚಿಕ್ಕವೆಂಕಟಪ್ಪನ ಎದೆಗೆ ಚುಚ್ಚಿದ ಹಾಗಾಯಿತು. ಅವಳಿಗೆ ಅದು ಗೊತ್ತಿರಲಿಲ್ಲ. ಗಂಡನ ಮುಖ ನೋಡಿದಳು.

"ಸಾವಿರ ಕಿಲೋಮೀಟ್ರಿಗೊಂದ್ಸಲ," ಅಂದ ಅವನು. "ಮರೀದೆ ಹೊಡಿಸ್ಬೇಕು."