ಕಿವಿಯಕ್ಕನ ಚಪ್ಪಡಿ

ಆ ಊರಿನ ಪುರಸಭೆಗೆ ಒಬ್ಬರಾದ ಮೇಲೊಬ್ಬರು ಗೆದ್ದುಬಂದ ಮೂವರು ಮೆಂಬರುಗಳ ಕಿವಿಯನ್ನು ಅವರ ಹೆಂಡತಿಯರಿಗಿಂತ ಹತ್ತಿರದಿಂದ ಕಂಡವಳು ಕಿವಿಯಕ್ಕ. ಮೊದಲನೆಯವರದು ಕೂದಲು ತುಂಬಿದ ಮೇಷ್ಟ್ರ ಕಿವಿ, ಎರಡನೆಯವರದು ಇಟ್ಟಿಗೆ ವ್ಯಾಪಾರಿಯ ಕೆಂಪು ಕಿವಿ, ಈಗಿನದು ಹಲ್ಲಿನ ಡಾಕ್ಟರ ಪುಟ್ಟ ಕಿವಿ. ಚುನಾವಣೆ ಬಂದಾಗಲೆಲ್ಲ ಮೆಂಬರು ಬದಲಾಗುತ್ತಿದ್ದರು, ಬಾಗಿಲಿನ ಫಲಕ ಬದಲಾಗುತ್ತಿತ್ತು, ಅವಳು ಮಾತ್ರ ಅದೇ ಸ್ಟೂಲಿನ ಮೇಲೆ ಇದ್ದಳು. ಹೊಸಬರು ಮೊದಲ ದಿನ ಇವಳು ಯಾರ ಕಡೆಯವಳೋ ಎಂದು ಅನುಮಾನ ಪಡುತ್ತಿದ್ದರು. ಎರಡನೆಯ ದಿನ ಬೀದಿಯಲ್ಲಿ ಯಾರೋ "ನಮಸ್ಕಾರ, ಗುರುತು ಸಿಕ್ತಾ?" ಎಂದ ಕೂಡಲೇ ಗಾಬರಿಯಾಗಿ ತಿರುಗಿ ಅವಳನ್ನೇ ಹುಡುಕುತ್ತಿದ್ದರು.

ಅವಳ ಕೆಲಸ ಇಷ್ಟೇ. ಮೆಂಬರು ಹೊರಟರೆ ಎಡಭುಜದ ಹಿಂದೆ ಒಂದು ಹೆಜ್ಜೆ ಬಿಟ್ಟು ನಡೆಯುವುದು, ಎದುರು ಬಂದವರು ಯಾರೆಂದು ಕಿವಿಯಲ್ಲಿ ಉಸುರುವುದು. "ಮೂಲೆ ಮನೆ. ಮಗಳಿಗೆ ಅವಳಿಜವಳಿ. ಹೋದ ಸಲ ನಮಗೆ ಹಾಕಿಲ್ಲ, ಈ ಸಲ ಹಾಕಬಹುದು." ಕೂಡಲೇ ಮೆಂಬರು ಎರಡೂ ಕೈ ಚಾಚಿ, "ಏನಣ್ಣಾ, ಅವಳಿ ಮೊಮ್ಮಕ್ಕಳು ಹೇಗಿದ್ದಾರೆ?" ಎನ್ನುತ್ತಿದ್ದರು. ಆ ಅಣ್ಣ ಅಲ್ಲೇ ಕರಗಿ ನೀರಾಗಿ, ಬಯ್ಯಬೇಕೆಂದು ಬಂದ ಬೀದಿದೀಪದ ಮಾತನ್ನೇ ಮರೆತು ಮನೆಗೆ ಹೋಗುತ್ತಿದ್ದ.

ಇಷ್ಟೆಲ್ಲ ಅವಳಿಗೆ ಹೇಗೆ ಗೊತ್ತು ಅಂದರೆ, ಮೊದಲು ಹತ್ತು ವರ್ಷ ಮನೆ ಮನೆಗೆ ಹೋಗಿ ನೀರಿನ ಮೀಟರು ಓದುತ್ತಿದ್ದಳು. ಮುಂಬಾಗಿಲಲ್ಲಿ ನಿಂತವರಿಗೆ ಮನೆಯ ಸುದ್ದಿ ಸಿಗುವುದಿಲ್ಲ. ಮೀಟರು ಇರುವುದು ಹಿತ್ತಲಲ್ಲಿ, ಅಡುಗೆಮನೆಯ ಕಿಟಕಿಯ ಕೆಳಗೆ.

ಮತದಾರರ ಬಗ್ಗೆ ಅವಳದು ಒಂದೇ ಸಿದ್ಧಾಂತ. "ಕೆಲಸ ಆಗದಿದ್ರೂ ಓಟು ಹಾಕ್ತಾರೆ, ಗುರುತು ಹಿಡೀದಿದ್ರೆ ಹಾಕಲ್ಲ. ಮಂಡಿ ನೋವು ಹೇಗಿದೆ ಅಂದ್ರೆ ಸಾಕು, ಮಂಡಿ ಮುರಿದ ಗುಂಡೀನೇ ಮರೆತುಬಿಡ್ತಾರೆ. ಹುಚ್ಚು ಜನ!" ಹೀಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಡಾಕ್ಟರನ್ನು ಪಳಗಿಸುವುದು ಮಾತ್ರ ಸುಲಭವಾಗಲಿಲ್ಲ. ಅವರಿಗೆ ಮುಖ ನೆನಪಿರುತ್ತಿರಲಿಲ್ಲ, ಹಲ್ಲು ನೆನಪಿರುತ್ತಿತ್ತು. ಹಾಗಾಗಿ "ಮೂಲೆ ಮನೆ" ಎಂದರೆ ಪಿಳಿಪಿಳಿ ನೋಡುತ್ತಿದ್ದವರು, "ಕೆಳಗಿನ ಬಲ ದವಡೆ, ಅರ್ಧ ಕಿತ್ತ ಮೇಲೆ ಎದ್ದು ಓಡಿದವರು" ಎಂದರೆ, "ಓಹೋ, ಇವರಾ!" ಎಂದು ತಬ್ಬಿಕೊಳ್ಳುತ್ತಿದ್ದರು. ಶಾಸಕರು ಊರಿಗೆ ಬಂದ ದಿನ ಅವರೂ ಇವಳನ್ನೇ ಎರವಲು ಪಡೆಯುತ್ತಿದ್ದರು. ಅವರು ಹಿಂದೆ ಬಸ್ಸು ಓಡಿಸುತ್ತಿದ್ದವರು, ಅವರಿಗೆ ಹೇಳುವುದು ಬೇರೆ ಭಾಷೆಯಲ್ಲಿ: "ಏಳು ಗಂಟೆ ಗಾಡಿ, ಕಿಟಕಿ ಸೀಟು, ದಿನಾ ಚಿಲ್ಲರೆ ಜಗಳ."

ಇಂಥವಳ ಮನೆಯ ಮುಂದೆಯೇ ಚರಂಡಿಯ ಚಪ್ಪಡಿ ಮುರಿದು ಎರಡು ತಿಂಗಳಾಗಿತ್ತು. ಮುರಿದದ್ದು ಅತ್ತೆ ಕಾಲಿಟ್ಟಾಗ. ಬಲಗಾಲು ಮೊಣಕಾಲಿನವರೆಗೆ ಒಳಗೆ ಹೋಗಿ, ಉಳುಕಿ, ಊದಿತು. ಊತ ಇಳಿಯಿತು. ಭಯ ಮಾತ್ರ ಇಳಿಯಲಿಲ್ಲ. ಅಂದಿನಿಂದ ಅತ್ತೆ ಹೊಸ್ತಿಲು ದಾಟಲಿಲ್ಲ. ಎದುರುಮನೆಯ ಗೆಳತಿಯೊಡನೆ ಐವತ್ತು ವರ್ಷದಿಂದ ದಿನವೂ ಆಡುತ್ತಿದ್ದ ಮಾತೆಲ್ಲ ಈಗ ಸೊಸೆಯ ತಲೆಯ ಮೇಲೆ ಸುರಿಯುತ್ತಿತ್ತು.

"ಊರಿಗೆ ಉಪಕಾರಿ, ಮನೆಗೆ ಮಾರಿ! ಮೂರು ಮೂರು ಮೆಂಬರುಗಳ ಕಿವಿ ಕಚ್ಚಿದ್ದೀಯ, ಒಂದು ಕಲ್ಲು ಹಾಕ್ಸೋಕೆ ಆಗಲ್ವೇನೇ?"

"ನಾನು ಹೇಳೋಳು ಅತ್ತೆ, ಕೇಳೋಳಲ್ಲ."

ಅದು ಅವಳ ಜಂಬ. ತನಗಾಗಿ ಎಂದೂ ಬಾಯಿಬಿಟ್ಟವಳಲ್ಲ. ಆದರೂ ಒಮ್ಮೆ, ಬೇರೆ ಯಾರದೋ ಮನೆಯ ವಿಷಯವೆಂಬಂತೆ ವಿಚಾರಿಸಿ ನೋಡಿದ್ದಳು. ಚರಂಡಿ ಊರಿನದು, ಮೇಲಿನ ರಸ್ತೆ ರಾಜ್ಯದ್ದು, ಚಪ್ಪಡಿ ಎರಡಕ್ಕೂ ನಡುವೆ. ಮೆಂಬರ ಕಚೇರಿ ಶಾಸಕರ ಕಡೆ ಕೈ ತೋರಿಸಿತು, ಶಾಸಕರ ಕಚೇರಿ ಮೆಂಬರ ಕಡೆ. ಇತ್ತ ಅತ್ತೆ ಕಿಟಕಿಯಿಂದ ಗೆಳತಿಗೆ ಕೈ ಬೀಸಿ ಬೀಸಿ, ಒಂದು ಸಂಜೆ ಗೋಡೆಯ ಕಡೆ ತಿರುಗಿ ಮಲಗಿದರು. ಬೈಗುಳ ನಿಂತಿತು. ಕಿವಿಯಕ್ಕನಿಗೆ ಹೆದರಿಕೆಯಾದದ್ದು ಆಗ.

ಆ ವಾರವೇ ಪುರಭವನದಲ್ಲಿ ಅಹವಾಲು ಸಭೆ. ವೇದಿಕೆಯ ಮೇಲೆ ಮೆಂಬರು, ಶಾಸಕರು ಅಕ್ಕಪಕ್ಕ ಕೂತಿದ್ದರು, ಇಬ್ಬರ ನಡುವೆ, ಬೆನ್ನ ಹಿಂದೆ ಅವಳು. ಒಬ್ಬರಿಗೆ ಹಲ್ಲು, ಒಬ್ಬರಿಗೆ ಬಸ್ಸು. ಅಂದು ಅವಳ ಮನಸ್ಸು ಎಲ್ಲೋ ಇತ್ತು, ಕಿವಿ ತಪ್ಪಿತು. ಶಾಸಕರು ಒಬ್ಬ ಮುದುಕರಿಗೆ, "ಮೇಲಿನ ಕೋರೆಹಲ್ಲು ಈಗ ಗಟ್ಟಿಯಾಗಿದೆಯಾ ಯಜಮಾನರೇ?" ಎಂದರು. ಮುದುಕರು, "ನನ್ನ ಹಲ್ಲಿನ ವಿಷಯ ರಾಜಧಾನಿವರೆಗೂ ಹೋಗಿದೆಯಾ!" ಎಂದು ಕಣ್ಣೊರೆಸಿಕೊಂಡು, ಅರ್ಜಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಹೋದರು.

ಕೊನೆಯದಾದ ನಲವತ್ತೆರಡನೆಯ ಅರ್ಜಿ ಮುಗಿಯಿತು. ಕಿವಿಯಕ್ಕ ಸದ್ದಿಲ್ಲದೆ ಮೆಟ್ಟಿಲಿಳಿದು, ಸುತ್ತಿಬಂದು ನಲವತ್ತಮೂರನೆಯವಳಾಗಿ ಮೇಜಿನ ಮುಂದೆ ನಿಂತಳು.

ಡಾಕ್ಟರು ತಲೆಯೆತ್ತಿ ನೋಡಿದರು. ಮೂರು ವರ್ಷ ಬೆನ್ನ ಹಿಂದೆಯೇ ಇದ್ದ ಮುಖ, ಎದುರಿಗೆ ಬಂದರೆ ಗುರುತು ಹೇಗೆ ಸಿಗಬೇಕು? ರೂಢಿಯಂತೆ ಕಿವಿಯನ್ನು ಹಿಂದಕ್ಕೆ ವಾಲಿಸಿದರು. ಶಾಸಕರೂ ಈಚೆಯಿಂದ ವಾಲಿಸಿದರು. ಉಸುರುವವರು ಯಾರೂ ಇಲ್ಲ. ಎರಡು ತಲೆಗಳು ಇನ್ನೂ ವಾಲಿ, ಇನ್ನೂ ವಾಲಿ, ಢಣ್ ಎಂದು ಡಿಕ್ಕಿ ಹೊಡೆದವು. ಸಭೆ ಗೊಳ್ಳೆಂದಿತು.

ಕಿವಿಯಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೆ ಕೆಲಸ ಕೆಲಸವೇ. ಮತ್ತೆ ಮೆಟ್ಟಿಲು ಹತ್ತಿ, ಹಿಂದೆ ಹೋಗಿ ಬಗ್ಗಿ, ಡಾಕ್ಟರ ಕಿವಿಯಲ್ಲಿ, "ಮನೆ ಮುಂದೆ ಚಪ್ಪಡಿ ಮುರಿದಿದೆ. ಅತ್ತೆಗೆ ಬಲಗಾಲು. ಬೀದೀಲಿ ಅರವತ್ತೆರಡು ಓಟು. ಶಾಸಕರು ತಾವೇ ಹಾಕಿಸೋ ಹಾಗಿದ್ದಾರೆ" ಎಂದಳು. ಶಾಸಕರ ಕಿವಿಯಲ್ಲೂ ಅದನ್ನೇ ಉಸುರಿ, ಕೊನೆಯಲ್ಲಿ ಮಾತ್ರ "ಡಾಕ್ಟರು" ಎಂದು ಬದಲಿಸಿದಳು. ಮತ್ತೆ ಇಳಿದು ಬಂದು ಎದುರಿಗೆ ನಿಂತಳು.

ಡಾಕ್ಟರು ಎರಡೂ ಕೈ ಚಾಚಿದರು. "ಏನಕ್ಕಾ, ನಿಮ್ಮ ಅತ್ತೆ ಹೇಗಿದ್ದಾರೆ? ಬಲಗಾಲಲ್ವಾ?"

ಅವಳದೇ ಮಾತು, ಅವಳ ಬಾಯಲ್ಲಿ ಇನ್ನೂ ಬಿಸಿಯಾರಿರಲಿಲ್ಲ. ಆದರೂ ಕಣ್ಣಲ್ಲಿ ನೀರು ತುಂಬಿತು. ಹುಚ್ಚು ಜನ ಎಂದು ನಕ್ಕದ್ದೆಲ್ಲ ನೆನಪಾಗಿ ಅವಳಿಗೆ ನಾಚಿಕೆಯೂ ಆಯಿತು.

"ಚಪ್ಪಡಿ ನಾನು ಹಾಕಿಸ್ತೀನಿ," ಎಂದರು ಡಾಕ್ಟರು.

"ಛೇ, ನಾನು ಹಾಕಿಸ್ತೀನಿ," ಎಂದರು ಶಾಸಕರು.

ಇಬ್ಬರೂ ಹಾಕಿಸಿದರು. ಬುಧವಾರ ಊರಿನ ಚಪ್ಪಡಿ ಬಂತು, ಗುರುವಾರ ಅದರ ಮೇಲೆಯೇ ರಾಜ್ಯದ್ದು. ಶುಕ್ರವಾರ ಅತ್ತೆ ಗೋಡೆ ಹಿಡಿದು ಹೊರಗೆ ಬಂದು, ಕೋಲಿನಿಂದ ಎರಡನ್ನೂ ಕುಟ್ಟಿ ನೋಡಿ, ಎದುರುಮನೆಗೆ ದಾಟಿದರು. ಎರಡು ತಿಂಗಳ ಬಾಕಿ ಮಾತು ಮುಗಿಸಿ ಬಂದದ್ದು ಸಂಜೆಗೆ. ಕಟ್ಟೆಯ ಹಾಗೆ ಎತ್ತರವಾದ ಕಲ್ಲಿನ ಮೇಲೆ ಕೂತು, ಸೊಸೆಯನ್ನೂ ಪಕ್ಕಕ್ಕೆ ಕರೆದರು.

"ನನ್ನ ಕಾಲಿನ ವಿಷಯ ಅವರೇ ಕೇಳಿದ್ರಾ?"

"ಅವರೇ ಕೇಳಿದ್ರು ಅತ್ತೆ. ಬಲಗಾಲು ಅಂತಾನೂ ಹೇಳಿದ್ರು."

"ಪಾಪ, ಒಳ್ಳೆ ಜನ." ಅತ್ತೆಯ ಮುಖ ಅರಳಿತು. "ನಿನ್ನ ಬಗ್ಗೆ ಏನು ಕೇಳಿದ್ರು?"

ಕಿವಿಯಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. ಕಾಲು ಹೇಳಿದ್ದಳು, ಕಲ್ಲು ಹೇಳಿದ್ದಳು, ಓಟಿನ ಲೆಕ್ಕವನ್ನೂ ಹೇಳಿದ್ದಳು. ತನ್ನ ಬಗ್ಗೆ ಉಸುರುವುದು ಹೊಳೆದೇ ಇರಲಿಲ್ಲ.

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಹದಿಮೂರು ವರ್ಷದಿಂದ ಬಗ್ಗಿ ಬಗ್ಗಿ ಅವರ ಕಿವೀಲಿ ಹೇಳ್ತೀಯಲ್ಲೇ, ಸೊಂಟ ನೋಯಲ್ವಾ ನಿಂಗೆ?"

ನೋಯುತ್ತಿತ್ತು. ಹತ್ತು ವರ್ಷದಿಂದ ನೋಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಕಿವಿಯಕ್ಕ ತಿರುಗಿ ಅತ್ತೆಯ ಬೆನ್ನ ಹಿಂದೆ ನೋಡಿದಳು. ಅಲ್ಲಿ ಉಸುರುವವರು ಯಾರೂ ನಿಂತಿರಲಿಲ್ಲ.

"ಅತ್ತೆ," ಎಂದಳು ಮೂಗು ಒರೆಸಿಕೊಂಡು, "ಮುಂದಿನ ಸಲ ನೀವೇ ನಿಂತ್ಕೊಳ್ಳಿ. ನನ್ನ ಓಟು ನಿಮಗೇ."