ಮೀಟರ್ ರಿಪೇರಿ

ಅಂಗಡಿಗಳ ತಕ್ಕಡಿ ರಿಪೇರಿ ಮಾಡುವ ಆತನಿಗೆ ಇನ್ನೊಬ್ಬರ ಅಳತೆಯಲ್ಲಿ ತಪ್ಪು ಹುಡುಕುವುದೇ ಹೊಟ್ಟೆಪಾಡು. ಹದಿನಾಲ್ಕನೇ ವಯಸ್ಸಿನಿಂದ ಟೈಪ್ ಒನ್ ಸಕ್ಕರೆ ಕಾಯಿಲೆ. ಮೂವತ್ತು ವರ್ಷ ತನ್ನ ಇನ್ಸುಲಿನ್ ಲೆಕ್ಕವನ್ನು ತಾನೇ ಹಾಕಿಕೊಂಡವನು, ಆ ವಿಷಯದಲ್ಲಿ ತನಗೆ ತಾನೇ ಡಾಕ್ಟರ್ ಪದವಿಯನ್ನೂ ಕೊಟ್ಟುಕೊಂಡಿದ್ದ. ಹಾಗಾಗಿ ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ಬರೆದ ನಿಜವಾದ ಡಾಕ್ಟರು "ನಿಮ್ಮ ಶುಗರ್..." ಎಂದು ಬಾಯಿ ತೆರೆಯುವಷ್ಟರಲ್ಲಿ, "ಅದನ್ನ ನಾನು ನೋಡ್ಕೋತೀನಿ ಬಿಡಿ ಸಾರ್" ಎಂದು ಚಪ್ಪಲಿ ಮೆಟ್ಟಿಯಾಗಿತ್ತು.

ಮರುದಿನದಿಂದ ಶುರುವಾಯಿತು ತಕರಾರು. ಬೆಳಿಗ್ಗೆ ಶುಗರ್ ನೋಡುವ ಮೀಟರಿನಲ್ಲಿ ನೂರಾ ಮೂವತ್ತು. ಮಾತ್ರೆ ನುಂಗಿ ಕೆಲಸಕ್ಕೆ ಕೂತರೆ ಮಧ್ಯಾಹ್ನ ಮುನ್ನೂರ ಐವತ್ತು. ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು ಎಂದರೆ ಮೀಟರು ಬಿಸಿಲಿಗೆ ಕೆಡುತ್ತಿದೆ ಎಂದು ಆತ ತೀರ್ಪು ಕೊಟ್ಟ. ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ ನೆರಳಲ್ಲಿಟ್ಟ, ಬ್ಯಾಟರಿ ಬದಲಿಸಿದ, ಹೊಸ ಸ್ಟ್ರಿಪ್ ತಂದ. ಗಂಟೆಗೊಂದು ಬಾಟಲಿ ನೀರು ಕುಡಿದು ಹತ್ತು ನಿಮಿಷಕ್ಕೊಮ್ಮೆ ಬಚ್ಚಲಿಗೆ ಓಡುತ್ತಿದ್ದುದನ್ನೂ ಬಿಸಿಲಿನ ತಲೆಗೇ ಕಟ್ಟಿದ.

ನಾಲ್ಕನೇ ದಿನ ಸಂಜೆ ನಾನೂರ ಇಪ್ಪತ್ತೆಂಟು. ಮೀಟರ್ ಬಿಚ್ಚಲು ಸ್ಕ್ರೂಡ್ರೈವರ್ ತೆಗೆದ.

"ರೀ, ಅಂಗಡಿಯವರ ತಕ್ಕಡಿ ಸರಿ ಇದೆಯೋ ಇಲ್ವೋ ಅಂತ ಹೇಗೆ ನೋಡ್ತೀರಾ?" ಎಂದಳು ಹೆಂಡತಿ.

"ತೂಕ ಗೊತ್ತಿರೋ ಕಲ್ಲು ಇಟ್ಟು ನೋಡ್ತೀನಿ. ಯಾಕೆ?"

"ಹಾಗಾದ್ರೆ ನನ್ನ ಬೆರಳು ಚುಚ್ಚಿ. ಹೋದ ತಿಂಗಳಷ್ಟೇ ಟೆಸ್ಟ್ ಮಾಡಿಸಿದೀನಿ, ನನಗೇನೂ ಇಲ್ಲ."

ಅವಳದು ತೊಂಬತ್ತಾರು. ಅದರ ಹಿಂದೆಯೇ ತನ್ನದು ನಾನೂರ ಮೂವತ್ತು.

"ತಕ್ಕಡಿ ಸರಿಯಾಗೇ ಇದೆ ಯಜಮಾನ್ರೇ, ನಿಮ್ಮ ಸಾಮಾನು ನೋಡ್ಕೊಳ್ಳಿ" ಎಂದು ಎಷ್ಟು ಜನರಿಗೆ ಹೇಳಿ ಮೀಸೆಯಡಿ ನಕ್ಕಿದ್ದನೋ! ಅನುಭವ ಎಂದು ಎದೆ ತಟ್ಟಿಕೊಂಡ ತನ್ನಂಥ ದಡ್ಡ ಇನ್ನೊಬ್ಬನಿಲ್ಲ ಅನ್ನಿಸಿತು. ಹೆಂಡತಿ ಮಾತ್ರ ನಗಲಿಲ್ಲ.

"ನನಗೆ ಹೆದರಿಕೆ ಆಗ್ತಿದೆ ರೀ. ಫೋನ್ ಮಾಡಿ."

ಅವನಿಗೂ ಹೆದರಿಕೆಯಾಗಿತ್ತು. ಆಸ್ಪತ್ರೆಯ ಶುಗರ್ ನರ್ಸಮ್ಮ ಹೊಸದಾಗಿ ಯಾವ ಮಾತ್ರೆ ಎಂದು ಕೇಳಿ ತಿಳಿದು, ಮೊದಲು ಮೂತ್ರದಲ್ಲಿ ಕೀಟೋನ್, ಅಂದರೆ ಇನ್ಸುಲಿನ್ ಸಾಲದಾಗ ಮೈಯಲ್ಲಿ ಸೇರುವ ಆಮ್ಲ, ಇದೆಯೇ ನೋಡಲು ಹೇಳಿದಳು. ಮೂತ್ರಕ್ಕೆ ಅದ್ದಿದ ಸ್ಟ್ರಿಪ್ ಕಡು ನೇರಳೆಗೆ ತಿರುಗಿತು, ಅಂದರೆ ವಿಪರೀತವೇ ಇತ್ತು.

"ಶುಗರ್ ಏರಿಸಿದ್ದು ಆ ಸ್ಟೀರಾಯ್ಡ್ ಮಾತ್ರೆಯ ಕೆಲಸ ಸಾರ್. ಹಾಗಂತ ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ. ಇನ್ಸುಲಿನ್ ಎಷ್ಟು ಏರಿಸ್ಬೇಕು ಅಂತ ಇಲ್ಲೇ ನೋಡೋಣ, ಈಗಲೇ ಹೊರಟು ಬನ್ನಿ. ಎಷ್ಟು ದಿನದಿಂದ ಹೀಗಿದೆ?"

"ನಾಲ್ಕು ದಿನ."

"ನಾಲ್ಕು ದಿನ ಏನ್ ಮಾಡ್ತಿದ್ರಿ?"

ಸ್ಕ್ರೂಡ್ರೈವರ್ ಇನ್ನೂ ಕೈಯಲ್ಲೇ ಇತ್ತು. ಹೆಂಡತಿ ಆಗಲೇ ಬಾಗಿಲಲ್ಲಿ ಅವನ ಚಪ್ಪಲಿ ಜೋಡಿಸಿಟ್ಟು ಕಾಯುತ್ತಿದ್ದಳು.

"ಮೀಟರ್ ರಿಪೇರಿ ಮಾಡ್ತಿದ್ದೆ ಕಣಮ್ಮಾ" ಎಂದ.